ಒಂದು ಕಿಲೋಬೈಟಿನ ಬಡತನ

ಯಂತ್ರಗಳ ಚರಿತ್ರೆಯೆಂದರೆ ಅವುಗಳನ್ನು ತಯಾರಿಸಿದವರ ಚರಿತ್ರೆ ಎಂದೇ ನಾವು ತಿಳಿಯುತ್ತೇವೆ. ಕೊಂಡವರು ಮನೆಗೆ ಒಯ್ದು ಅವುಗಳನ್ನು ಏನು ಮಾಡಿದರೆಂಬುದು ದಾಖಲಾಗುವುದು ಅಪರೂಪ. 1981ರ ಮಾರ್ಚಿನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಹೊರಬಂದ ಝಡ್‌ಎಕ್ಸ್81 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಕೊಂಡವರ ಪಾಲೂ ದೊಡ್ಡದು.

ಕ್ಲೈವ್ ಸಿಂಕ್ಲೇರ್ ಅವರ ಕಂಪೆನಿ ಅದನ್ನು ಜೋಡಿಸಿ ಕೊಟ್ಟರೆ 69.95 ಪೌಂಡು, ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸಿಕೊಂಡರೆ 49.95. ಮನೆಯ ಟಿವಿಯೇ ಪರದೆ, ಕ್ಯಾಸೆಟ್ಟೇ ದಾಸ್ತಾನು. ಮೆಮೊರಿ ಮಾತ್ರ ಕೇವಲ 1 ಕಿಲೋಬೈಟ್, ಅಂದರೆ 1,024 ಬೈಟು. ಪರದೆಯ 24 ಸಾಲು ತುಂಬಿದರೆ 793 ಬೈಟು ಅದಕ್ಕೇ ಹೋಯಿತು. ಯಂತ್ರದ ಸ್ವಂತ ಲೆಕ್ಕಪತ್ರಕ್ಕೆ ಇನ್ನೊಂದು 125. ಮಿಕ್ಕಿದ ನೂರರ ಆಸುಪಾಸಿನಲ್ಲಿ ಏನು ಬರೆಯುವುದು?

16 ಕಿಲೋಬೈಟಿನ ಮೆಮೊರಿ ಪ್ಯಾಕನ್ನು ಕಂಪೆನಿಯೇ ಮಾರುತ್ತಿತ್ತು. ಮೊದಲಿಗೆ ಅದರ ಬೆಲೆಯೂ 49.95 ಪೌಂಡು, ಬಿಡಿಭಾಗದ ಕಂಪ್ಯೂಟರಿನಷ್ಟೇ! ಅದೂ ಹಿಂಬದಿಯಲ್ಲಿ ಕೊಂಚ ಅಲುಗಿದರೆ ಸಾಕು, ಗಂಟೆಗಟ್ಟಲೆ ಟೈಪು ಮಾಡಿದ ಪ್ರೋಗ್ರಾಂ ಮಾಯ.

ಆದರೆ ಪ್ಯಾಕು ಕೂರುತ್ತಿದ್ದ ಆ ಸೀಳು ಎಲ್ಲರಿಗೂ ತೆರೆದಿತ್ತು. ಒಳಗಿನ ಸರ್ಕ್ಯೂಟ್ ಬೋರ್ಡಿನ ಅಂಚು ಅಲ್ಲಿ ಇಣುಕುತ್ತಿತ್ತು. ಝಡ್80 ಪ್ರೊಸೆಸರಿನ ವಿಳಾಸದ ತಂತಿ, ಮಾಹಿತಿಯ ತಂತಿ, ವಿದ್ಯುತ್ತು ಎಲ್ಲವೂ ಕೈಗೆ ಸಿಗುತ್ತಿದ್ದವು. ಪತ್ರಿಕೆಗಳು ಸರ್ಕ್ಯೂಟಿನ ನಕ್ಷೆಗಳನ್ನು ಅಚ್ಚುಹಾಕಿದವು; ಬೆಸುಗೆ ಹಾಕಬಲ್ಲ ಹವ್ಯಾಸಿಗಳು ತಮ್ಮದೇ ಬೋರ್ಡು ಕಟ್ಟಿದರು. ನಿಗದಿತ ತಂತಿಯೊಂದಕ್ಕೆ 5 ವೋಲ್ಟ್ ಕೊಟ್ಟರೆ ಒಳಗಿನ ಮೆಮೊರಿ ಸುಮ್ಮನಾಗಿ ಹೊರಗಿನದು ಕೆಲಸಕ್ಕೆ ನಿಲ್ಲುತ್ತಿತ್ತು.

ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಪೋರ್ಟುಗಳಿಗೆ ನೇರವಾಗಿ ಅಂಕಿ ಕಳಿಸುವ ಆಜ್ಞೆ ಈ ಯಂತ್ರದ ಬೇಸಿಕ್ ಭಾಷೆಯಲ್ಲಿ ಇರಲಿಲ್ಲ. ಹಾಗಾಗಿ ತಾವು ಕಟ್ಟಿದ ಬೋರ್ಡು ಮೆಮೊರಿಯದೇ ಒಂದು ವಿಳಾಸದಂತೆ ನಟಿಸುವ ಹಾಗೆ ಮಾಡಿದರು. ಆ ವಿಳಾಸಕ್ಕೆ 'ಪೋಕ್' ಆಜ್ಞೆಯಿಂದ ಅಂಕಿಯೊಂದನ್ನು ಕಳಿಸಿದರೆ ರಿಲೇ ಕ್ಲಿಕ್ಕೆನ್ನುತ್ತಿತ್ತು, ದೀಪ ಹತ್ತುತ್ತಿತ್ತು. ಅಪಾಯವೂ ಇತ್ತು. 5 ವೋಲ್ಟಿನ ತುದಿಯ ಪಕ್ಕದಲ್ಲೇ 9 ವೋಲ್ಟಿನದು. ಬೆಸುಗೆಯ ಒಂದು ಹನಿ ಜಾರಿದರೆ ಕೂಡಿಟ್ಟ ಹಣದ ಯಂತ್ರವೇ ಸುಟ್ಟುಹೋಗಬಹುದಿತ್ತು. ಕಲಿಕೆಗೆ ಅವರು ತೆರಬೇಕಾಗಿದ್ದ ಶುಲ್ಕ ಅದು.

1984ರಲ್ಲಿ ಝಡ್‌ಎಕ್ಸ್81ರ ತಯಾರಿಕೆ ನಿಂತಿತು. ಆದರೂ ಹವ್ಯಾಸಿಗಳು ಈಗಲೂ 32 ಕಿಲೋಬೈಟಿನ ಒಂದೇ ಚಿಪ್ ಬಳಸಿ ಅದಕ್ಕೆ ಮೆಮೊರಿ ಕಟ್ಟುತ್ತಾರೆ.

ಬಡತನವನ್ನು ಹೊಗಳಬೇಕಾಗಿಲ್ಲ. ಆದರೆ ಆ ಬಡ ಯಂತ್ರ ತನ್ನ ಒಡೆಯನಿಗೆ ಹಿಂಬಾಗಿಲನ್ನಾದರೂ ತೆರೆದಿಟ್ಟಿತ್ತು. 4 ಗಿಗಾಬೈಟಿನ ಫೋನೆಂದರೆ ಅದರ ನಲವತ್ತು ಲಕ್ಷ ಪಟ್ಟು ಮೆಮೊರಿ. ಅಂಥದ್ದನ್ನು ನಾವು ಜೇಬಿನಲ್ಲಿ ಹೊತ್ತು ತಿರುಗುತ್ತೇವೆ. ಅದರ ಬೆನ್ನಿಗೆ ಅಂಟು ಹಾಕಿ ಮುಚ್ಚಲಾಗಿದೆ. ಬಿಚ್ಚಿ ನೋಡಲಾಗದ ವಸ್ತುವಿಗೆ ನಾವು ಒಡೆಯರೋ, ಬರೀ ಬಾಡಿಗೆದಾರರೋ?