ಅಳಿವೆ ಬಾಗಿಲ ದಾರಿ



ಅಕ್ಟೋಬರ್ ತಿಂಗಳಲ್ಲಿ ಜಪಸರ ಮಾತೆಯ ಹಬ್ಬಕ್ಕೆ ಮಂಗಳೂರಿನ ರೊಸಾರಿಯೊ ಕೆಥೆಡ್ರಲ್‌ಗೆ ಹೋಗುವ ನಾವು ಬಲಿಪೂಜೆ ಮುಗಿದೊಡನೆ ಬಸ್ಸು ಹಿಡಿಯುತ್ತೇವೆ. ಹೊಳೆಯ ಕಡೆಗೆ ಸ್ವಲ್ಪ ನಡೆದರೆ ಹಳೆ ಬಂದರು ಸಿಗುತ್ತದೆ. 1568ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಆ ದೇವಾಲಯ ಅಲ್ಲಿ ನೆಲೆಯಾದದ್ದೇ ಈ ಬಂದರಿನ ಆಸರೆಯಲ್ಲಿ.

ತೆಂಕಣದಿಂದ ನೇತ್ರಾವತಿ, ಬಡಗಣದಿಂದ ಗುರುಪುರ ಹೊಳೆ ಬಂದು ಒಂದೇ ಬಾಗಿಲಿನಿಂದ ಕಡಲು ಸೇರುತ್ತವೆ. ಒಂದು ಬದಿ ಬೆಂಗ್ರೆಯ ಮರಳು, ಇನ್ನೊಂದು ಬದಿ ಉಳ್ಳಾಲದ್ದು. 1342ರ ಸುಮಾರಿಗೆ ಬಂದ ಇಬ್ನ್ ಬತೂತ, ಪರ್ಶಿಯಾ ಮತ್ತು ಯೆಮೆನ್ ದೇಶದ ವ್ಯಾಪಾರಿಗಳು ಇಲ್ಲಿ ಇಳಿಯುವುದನ್ನು ದಾಖಲಿಸಿದ್ದಾನೆ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎರಡು ಹೊಳೆಗೆ ಒಂದೇ ಬಾಯಿ ಇರುವುದನ್ನು ಗಮನಿಸಿದ್ದಾನೆ. ಇವರನ್ನೆಲ್ಲ ಒಳಗೆ ದಾಟಿಸಿದ ದೋಣಿಯವರ ಹೆಸರು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ.

ಒಳಗೆ ಬಂದ ದೋಣಿಗೆ ಹೊಳೆ ತೊಟ್ಟಿಲಿದ್ದಂತೆ. ಭಯವಿರುವುದು ಅಳಿವೆ ಬಾಗಿಲಲ್ಲಿ. ಹೊಳೆ ತಂದ ಮಣ್ಣು, ಕಡಲು ತಂದ ಮರಳು ಅಲ್ಲಿ ನೀರಿನಡಿ ದಿಬ್ಬವಾಗುತ್ತದೆ. ಪ್ರತಿ ಮಳೆಗಾಲ ಅದರ ಆಕಾರ ಬದಲಾಗುವುದರಿಂದ ಕಳೆದ ವರ್ಷದ ದಾರಿ ಈ ವರ್ಷ ದಾರಿಯಲ್ಲ. ಭರತ ಇಳಿತಗಳ ಅಂತರ ಸುಮಾರು ಒಂದೂವರೆ ಮೀಟರ್ ಅಷ್ಟೇ. ಭಾರ ಹೇರಿದ ದೋಣಿ ಅಷ್ಟು ನೀರಿಗಾಗಿ ಕಾಯಲೇಬೇಕು. ಇಳಿತದ ಹೊತ್ತಿನಲ್ಲಿ ಹೊರಹರಿಯುವ ಹೊಳೆ ಎದುರು ಬರುವ ಕಡಲಿಗೆ ಬಡಿದು ತೆರೆಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ. ಒಳಬರುವಾಗ ಹಿಂದಿನ ತೆರೆ ದೋಣಿಯ ಹಿಂಬದಿಯನ್ನೆತ್ತಿ ಅಡ್ಡ ತಿರುಗಿಸಿತೆಂದರೆ ಮಗುಚಿತೆಂದೇ ಲೆಕ್ಕ. ಹಾಯಿಯ ಕಾಲದಲ್ಲಿ ಗಾಳಿಯ ಲೆಕ್ಕವೂ ಬೇಕಿತ್ತು. ಬೆಳಗಿನ ಜಾವ ನೆಲದ ಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಮೇಲೆ ಕಡಲ ಗಾಳಿಯಲ್ಲಿ ಮರಳುವುದು ರೂಢಿ.

ಕೆಲವು ವರ್ಷಗಳ ಹಿಂದೆ ಧರ್ಮಕೇಂದ್ರದ ಯುವಕರೊಡನೆ ನಾವು ಒಂದು ಮೀನುಗಾರಿಕಾ ದೋಣಿಯಲ್ಲಿ ಹೋಗಿದ್ದೆವು. ಮರಳುವಾಗ ಬಾಗಿಲ ಹೊರಗೆ ತಾಂಡೇಲರು ಇಂಜಿನ್ ನಿಧಾನಿಸಿ ಹಿಂದಕ್ಕೆ ನೋಡುತ್ತಾ ನಿಂತರು. ನಾವು ಏನೋ ಕೇಳಹೋದಾಗ, "ಫಾದರ್, ಈಗ ಮಾತಾಡ್ಬೇಡಿ, ಗಟ್ಟಿ ಹಿಡ್ಕೊಳ್ಳಿ" ಎಂದರು. ದೊಡ್ಡ ತೆರೆಗಳು ಹಾದುಹೋಗಲು ಬಿಟ್ಟು, ಕೊನೆಯದರ ಬೆನ್ನ ಹಿಂದೆಯೇ ದೋಣಿ ನುಗ್ಗಿಸಿದರು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಪ್ರಬೋಧನೆಗಳಲ್ಲಿ ಗಲಿಲೇಯ ಸರೋವರದ ಬಿರುಗಾಳಿಯನ್ನು ಎಷ್ಟೋ ಸಲ ವರ್ಣಿಸಿದ್ದ ನಮಗೆ, ಒದ್ದೆ ಹಲಗೆ ಹಿಡಿದು ಕುಳಿತವರ ಭಯ ಆವತ್ತೇ ತಿಳಿದದ್ದು.

ಈ ಬಾಗಿಲಿನಿಂದಾಗಿ ದೊಡ್ಡ ಹಡಗುಗಳು ಒಳಗೆ ಬರಲಾರದೆ ಹೊರಗಿನ ಕಡಲಲ್ಲೇ ಲಂಗರು ಹಾಕುತ್ತಿದ್ದವು. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ನಂತರ ಮಂಗಳೂರು ಹಂಚು ದೂರದೇಶಗಳಿಗೆ ಹೋಯಿತು, ಘಟ್ಟದ ಕಾಫಿಯೂ ಹೋಯಿತು. ಹಡಗಿನವರೆಗೆ ಅವನ್ನು ಒಯ್ದದ್ದು ಸಣ್ಣ ದೋಣಿಗಳು. ಹೊಳೆಗೆ ಶತ್ರುನೌಕೆ ನುಗ್ಗಬಾರದೆಂದು ಟಿಪ್ಪು 1784ರಲ್ಲಿ ಬೋಳೂರಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇನ್ನೂ ನಿಂತಿದೆ. ಅದೇ ವರ್ಷ ನಮ್ಮ ಪೂರ್ವಜರನ್ನು ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆಸಲಾಯಿತು; ಆ ಕಥೆ ಬೇರೆ.

ಪಣಂಬೂರಿನಲ್ಲಿ ನೆಲ ಅಗೆದು ಕಟ್ಟಿದ ನವಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳು ಅತ್ತ ಹೋದವು. ಹಳೆ ಬಂದರು ಮೀನಿನ ದೋಣಿಗಳಿಗೂ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಟ್ಟಡದ ಸಾಮಾನು ಒಯ್ಯುವ ಮಂಜಿಗಳಿಗೂ ಉಳಿಯಿತು. ಅಳಿವೆಯ ಎರಡೂ ಬದಿ ಕಲ್ಲಿನ ತಡೆಗೋಡೆ ಬಂದಿದೆ, ಆದರೆ ಹೂಳು ನಿಂತಿಲ್ಲ. ಆಗಸ್ಟಿನಲ್ಲಿ ಮೀನುಗಾರಿಕೆ ಮತ್ತೆ ಶುರುವಾಗುವಾಗ ಮೊದಲ ದೋಣಿಯ ತಾಂಡೇಲ ಹೊಸ ದಾರಿಯನ್ನು ಕಣ್ಣಳತೆಯಲ್ಲೇ ಹುಡುಕಬೇಕು. ಹಿಂದಿನ ದೋಣಿಗಳು ಸಾಲಾಗಿ ಅವನ ಜಾಡು ಹಿಡಿಯುತ್ತವೆ. ದಡದಲ್ಲಿ ಮನೆಯವರು, ಕೊನೆಯ ದೋಣಿ ದಾಟುವವರೆಗೂ ನಿಂತಿರುತ್ತಾರೆ.