ಬಾಯಿಯ ಕ್ಯಾನ್ಸರ್ ಹರಡುವಿಕೆಯಲ್ಲಿ ಕೋಶಬಾಹ್ಯ ಕಿರುಚೀಲಗಳು: ಉಮ್ಮತ್ತೂರು ಸೀಮೆಯ ನೆಲೆಯಿಂದ

ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರು, ಗುಂಡ್ಲುಪೇಟೆ ಸೀಮೆಯಲ್ಲಿ ಎಲೆಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕಿಕೊಳ್ಳುವವರಿಗೆ ಬಾಯಿಯ ಕ್ಯಾನ್ಸರ್ ಹೊಸ ಮಾತಲ್ಲ. ಉಂಡೆ ಒತ್ತರಿಸಿಕೊಳ್ಳುವ ದವಡೆಯ ಸಂದಿಯಲ್ಲೇ ಹುಣ್ಣು ಏಳುತ್ತದೆ. ಮೊದಮೊದಲು ಅದು ನೋಯದ ಕಾರಣ, ಎಷ್ಟೋ ಜನ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವುದು ಕತ್ತಿನಲ್ಲಿ ಗಂಟು ಕೈಗೆ ಸಿಕ್ಕ ಮೇಲೆ. ರೋಗ ದುಗ್ಧರಸ ಗ್ರಂಥಿ ಮುಟ್ಟಿದ್ದಕ್ಕೆ ಆ ಗಂಟು ಗುರುತು. ಆದರೆ ಹರಡುವಿಕೆಯ ಕೆಲಸ ಅದಕ್ಕೂ ಬಹಳ ಮುಂಚೆಯೇ, ಕೋಶಗಳು ಹೊರಬಿಡುವ ಕಿರುಚೀಲಗಳ ಮೂಲಕ ನಡೆದಿರುತ್ತದೆಂಬುದು ನನ್ನ ವಾದ.

ಜೀವಕೋಶದೊಳಗಿನ ಎಂಡೋಸೋಮೆಂಬ ಚೀಲದ ಪೊರೆ ಒಳಮುಖವಾಗಿ ಉಬ್ಬಿ, ಕಳಚಿ, ಕಿರುಚೀಲಗಳಾಗುತ್ತದೆ. ಆ ಎಂಡೋಸೋಮು ಕೋಶದ ಹೊರಪೊರೆಗೆ ಬೆಸೆದಾಗ ಚೀಲಗಳು ಹೊರಬೀಳುತ್ತವೆ. ಸುಮಾರು 30ರಿಂದ 150 ನ್ಯಾನೋಮೀಟರ್ ಗಾತ್ರದ ಇವೇ ಎಕ್ಸೋಸೋಮುಗಳು. 1983ರಲ್ಲಿ ಎಳೆಯ ಕೆಂಪು ರಕ್ತಕಣಗಳಲ್ಲಿ ಈ ಕ್ರಿಯೆ ಕಂಡಾಗ, ಕೋಶ ತನಗೆ ಬೇಡವಾದದ್ದನ್ನು ಹೊರಹಾಕುವ ಬಗೆಯೆಂದೇ ಬಹುಕಾಲ ಎಣಿಸಲಾಗಿತ್ತು. ಅವುಗಳಲ್ಲಿ ಆರ್‌ಎನ್‌ಎ ಇದೆ, ಪಡೆದ ಕೋಶ ಅದನ್ನು ಬಳಸಿ ಪ್ರೋಟೀನ್ ಕಟ್ಟುತ್ತದೆ ಎಂದು 2007ರಲ್ಲಿ ಗೊತ್ತಾಯಿತು.

ಕ್ಯಾನ್ಸರ್ ಬೀಜವಾದರೆ ಅದು ಬೇರೂರುವ ಅಂಗ ಮಣ್ಣು ಎಂದು ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಹೇಳಿದ್ದು 1889ರಲ್ಲಿ. ಬೀಜ ಬೀಳುವ ಮೊದಲೇ ಆ ಮಣ್ಣನ್ನು ಯಾರು ಹಸನು ಮಾಡುತ್ತಾರೆಂಬುದಕ್ಕೆ 2015ರಲ್ಲಿ ಸಂಶೋಧಕ ಡೇವಿಡ್ ಲೈಡನ್ ತಂಡ ಉತ್ತರ ಕೊಟ್ಟಿತು: ಎಕ್ಸೋಸೋಮುಗಳೇ. ಎಕ್ಸೋಸೋಮಿನ ಮೈಮೇಲೆ ಆಲ್ಫಾ6-ಬೀಟಾ4 ಇಂಟಿಗ್ರಿನ್ ಎಂಬ ಪ್ರೋಟೀನ್ ಇದ್ದರೆ ಅದು ಶ್ವಾಸಕೋಶದಲ್ಲಿ, ಆಲ್ಫಾವಿ-ಬೀಟಾ5 ಇದ್ದರೆ ಯಕೃತ್ತಿನಲ್ಲಿ ನೆಲೆಯೂರುತ್ತದೆ. ಮೂಳೆಗೆ ಹೋಗುವ ಜಾತಿಯ ಕ್ಯಾನ್ಸರ್ ಕೋಶಗಳು ಕೂಡ, ಶ್ವಾಸಕೋಶಕ್ಕೆ ಹೋಗುವ ಜಾತಿಯ ಕೋಶಗಳ ಎಕ್ಸೋಸೋಮು ಮೊದಲೇ ಪಡೆದ ಇಲಿಗಳಲ್ಲಿ ಶ್ವಾಸಕೋಶಕ್ಕೆ ಹರಡಿದವು. ಇಷ್ಟು ಬಲವಾದ ಸಾಕ್ಷ್ಯ ಬಾಯಿಯ ಕ್ಯಾನ್ಸರಿಗೆ ಇನ್ನೂ ಒದಗಿಲ್ಲ. ಇಲಿಯಲ್ಲಿ ಕಂಡದ್ದನ್ನು ಮನುಷ್ಯರಿಗೆ ಹಾಗೆಯೇ ಅನ್ವಯಿಸಲೂ ಬಾರದು.

ಬಾಯಿಯ ಗೆಡ್ಡೆಯ ಚೀಲಗಳು ಜೊಲ್ಲಿಗೂ ಸೇರುತ್ತವೆ. ಸೂಜಿ ಚುಚ್ಚದೆ ರೋಗ ಹಿಡಿಯುವ ಆಸೆ ಹುಟ್ಟುವುದು ಇಲ್ಲಿಯೇ. ಆದರೆ ಜೊಲ್ಲಿನಲ್ಲಿ ಆರೋಗ್ಯವಂತ ಕೋಶಗಳ, ಬ್ಯಾಕ್ಟೀರಿಯಾಗಳ ಚೀಲಗಳೂ ತುಂಬಿರುತ್ತವೆ. ಚೀಲಗಳನ್ನು ಬೇರ್ಪಡಿಸಲು ಬೇಕಾದ ಅತಿವೇಗದ ಸೆಂಟ್ರಿಫ್ಯೂಜ್ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಿಗುವಂಥದ್ದಲ್ಲ. ಆದರೆ ಅಂಥ ಯಂತ್ರವಿಲ್ಲದೆಯೂ, ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಬೆಳಕು ಬಿಟ್ಟು ಬಾಯಿ ನೋಡಿದ್ದರಿಂದಲೇ ತಂಬಾಕು, ಮದ್ಯ ಬಳಸುವವರಲ್ಲಿ ಬಾಯಿಯ ಕ್ಯಾನ್ಸರ್ ಸಾವು 34% ತಗ್ಗಿತೆಂದು 2005ರಲ್ಲಿ ವರದಿಯಾಯಿತು. ಚಾಮರಾಜನಗರ ಜಿಲ್ಲೆಯಲ್ಲಿ ಬಾಯಿ ತಪಾಸಣೆ ಮಾಡುವಾಗಲೇ, ಒಪ್ಪಿದವರ ಜೊಲ್ಲನ್ನೂ ಶೈತ್ಯದಲ್ಲಿ ಕಾದಿಟ್ಟು, ಮುಂದೆ ರೋಗ ಕತ್ತಿಗೆ ಹರಡಿದವರ ಹಾಗೂ ಹರಡದವರ ಚೀಲಗಳನ್ನು ಹೋಲಿಸುವ ಅಧ್ಯಯನ ಆರಂಭವಾಗಬೇಕು.