ಆಸ್ಪತ್ರೆಯ ಹಾಸಿಗೆ ಯಾರಿಗೆ ಬೇಕು? ಕ್ಷಯರೋಗದ ಇತಿಹಾಸ ಕಲಿಸಿದ ಪಾಠ

ಕಳೆದ ಮಳೆಗಾಲದಲ್ಲಿ ರಿಚರ್ಡ್ಸ್ ಟೌನ್‌ನ ನಮ್ಮ ಬೀದಿಯ ಹುಡುಗನೊಬ್ಬನಿಗೆ ಜ್ವರ ಬಂದಿತು. "ಔಷಧಿ ಬರೆದುಕೊಡಿ, ಮನೆಯಲ್ಲೇ ನೋಡಿಕೊಳ್ಳುತ್ತೇವೆ" ಎಂದು ಅವನ ಅಮ್ಮಿ ಕೇಳಿದರು. "ಅಡ್ಮಿಟ್ ಆದರೆ ಮಾತ್ರ ಇನ್ಶೂರೆನ್ಸ್ ಹಣ ಬರುತ್ತದೆ" ಎಂಬ ಉತ್ತರ ಸಿಕ್ಕಿತು. ಹುಡುಗ ಮೂರು ದಿನ ಹಾಸಿಗೆಯಲ್ಲಿದ್ದು ಮಾತ್ರೆಗಳನ್ನಷ್ಟೇ ನುಂಗಿ ಮನೆಗೆ ಬಂದ. ಮೂರೂ ದಿನ ತಂದೆಯ ಅಂಗಡಿ ಮುಚ್ಚಿತ್ತು.

ಹಾಸಿಗೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ಪ್ರಶ್ನೆ ಹೊಸದಲ್ಲ. ಅದಕ್ಕೆ ಉತ್ತರ ಹುಡುಕಿದ ಇತಿಹಾಸದ ಒಂದು ಅಧ್ಯಾಯ ನಮ್ಮ ನೆರೆಯಲ್ಲೇ ನಡೆದಿದೆ.

ಕ್ಷಯಕ್ಕೆ ಮದ್ದಿಲ್ಲದ ಕಾಲದಲ್ಲಿ ವಿಶ್ರಾಂತಿ, ಶುದ್ಧ ಗಾಳಿ, ಪುಷ್ಟಿಕರ ಆಹಾರ ಇವೇ ಚಿಕಿತ್ಸೆಯಾಗಿದ್ದವು. ಅದಕ್ಕಾಗಿ ಸ್ಯಾನಿಟೋರಿಯಂಗಳು ಹುಟ್ಟಿದವು. ಮದನಪಲ್ಲಿ ಬಳಿಯ ಆರೋಗ್ಯವರಂ 1915ರಲ್ಲಿ ಆರಂಭವಾಯಿತು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ ಸ್ಥಾಪನೆಯಾಯಿತು. ರೋಗಿಗಳು ತಿಂಗಳುಗಟ್ಟಲೆ ಮನೆಮಂದಿಯಿಂದ ದೂರ ಉಳಿಯಬೇಕಿತ್ತು. ದೇಶದಲ್ಲಿ ರೋಗಿಗಳು ಲಕ್ಷಾಂತರ, ಹಾಸಿಗೆಗಳು ಸಾವಿರಗಳಲ್ಲಿ ಮಾತ್ರ.

1952ರಲ್ಲಿ ಐಸೋನಿಯಾಜಿಡ್ ಮಾತ್ರೆ ಬಂದ ಮೇಲೂ ಹಳೆಯ ಪದ್ಧತಿ ಮುಂದುವರಿಯಿತು. ಆಗ ಮದ್ರಾಸಿನಲ್ಲಿ 1956ರಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರವು 193 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸ್ಯಾನಿಟೋರಿಯಂ, ಇನ್ನೊಂದಕ್ಕೆ ಬಡಾವಣೆಯ ಇಕ್ಕಟ್ಟಿನ ಮನೆ. ಇಬ್ಬರಿಗೂ ಒಂದೇ ಔಷಧಿ, ಒಂದು ವರ್ಷ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯವರ ಊಟ ಸಾಧಾರಣ, ವಿಶ್ರಾಂತಿ ಕಡಿಮೆ. ಆದರೂ ಗುಣವಾದವರ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. ಮನೆಮಂದಿಗೆ ರೋಗ ಹರಡುವ ಅಪಾಯವೂ ಹೆಚ್ಚಲಿಲ್ಲ. ಗುಣಪಡಿಸಿದ್ದು ಹಾಸಿಗೆಯಲ್ಲ, ತಪ್ಪದೆ ನುಂಗಿದ ಔಷಧಿ.

ಈ ತಿಳಿವಳಿಕೆಯನ್ನು ಇಡೀ ದೇಶಕ್ಕೆ ತಲುಪಿಸುವ ಕೆಲಸ ಬೆಂಗಳೂರಿನ ಪಾಲಿಗೆ ಬಂತು. ನಮ್ಮಿಂದ ಜಯಮಹಲ್ ದಾಟಿದರೆ ಸಿಗುವ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1960ರಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಊರಿನ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಕಫ ಪರೀಕ್ಷೆ, ಉಚಿತ ಔಷಧಿ, ಮನೆಯಲ್ಲೇ ಚಿಕಿತ್ಸೆ ಎಂಬ ಯೋಜನೆ ಇಲ್ಲಿ ರೂಪುಗೊಂಡಿತು. 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ಅದೇ ತಳಹದಿ.

ಇದೇ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ ಎಂಬುದು ಆಗಿನ ಸಾಮಾನ್ಯ ಅಭಿಪ್ರಾಯ. ಆದರೆ ರೋಗಿಗಳಲ್ಲಿ ಅರ್ಧದಷ್ಟು ಜನ ತಾವಾಗಿಯೇ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ರೋಗವನ್ನು ಗುರುತಿಸದೆ ಕೆಮ್ಮಿನ ಔಷಧಿ ಕೊಟ್ಟು ಕಳುಹಿಸಲಾಗುತ್ತಿತ್ತು. ಚಿಕ್ಕ ಆಸ್ಪತ್ರೆಯ ಬಾಗಿಲಲ್ಲಿ ತಪ್ಪಿದ ಚಿಕಿತ್ಸೆಯೇ ಮುಂದೆ ದೊಡ್ಡ ಆಸ್ಪತ್ರೆಯ ಹಾಸಿಗೆ ತುಂಬಿಸುತ್ತದೆ.

ಇಂದು ಇದರ ಜೊತೆಗೆ ಬೇರೆ ಕಾರಣಗಳೂ ಸೇರಿವೆ. ಬಹುತೇಕ ವಿಮಾ ಪಾಲಿಸಿಗಳು ಡೇ ಕೇರ್ ಚಿಕಿತ್ಸೆಗಳನ್ನು ಬಿಟ್ಟರೆ 24 ಗಂಟೆ ದಾಖಲಾದವರಿಗೇ ಹಣ ಕೊಡುತ್ತವೆ. ಗುರುತಿನ ಕುಟುಂಬ ವೈದ್ಯರಿಲ್ಲದ ಮನೆಗಳಲ್ಲಿ ಭಯವೇ ನಿರ್ಧಾರ ಮಾಡುತ್ತದೆ. ಅನಗತ್ಯವಾಗಿ ತುಂಬಿದ ಒಂದು ಹಾಸಿಗೆ ನಿಜವಾಗಿ ಬೇಕಾದ ಇನ್ನೊಬ್ಬರಿಗೆ ತಪ್ಪುತ್ತದೆ.

ವಿದ್ಯಾರ್ಥಿಗಳೇ, ಅಗತ್ಯವಿದ್ದಾಗ ದಾಖಲಾಗಲು ಹಿಂಜರಿಯಬಾರದು. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವಿಕೆ ಕಂಡರೆ ತಡ ಮಾಡುವುದೇ ತಪ್ಪು. ಉಳಿದಂತೆ ವೈದ್ಯರನ್ನು ವಿನಯದಿಂದ ಕೇಳಿರಿ: ಮನೆಯಲ್ಲೇ ಚಿಕಿತ್ಸೆ ಸಾಧ್ಯವೇ? ಯಾವ ಲಕ್ಷಣ ಕಂಡರೆ ಮರಳಿ ಬರಬೇಕು? ಮನೆಯ ಹಿರಿಯರಿಗೆ ಓದಲು ಬಾರದಿದ್ದರೆ ಔಷಧಿ ಚೀಟಿಯನ್ನು ಓದಿ ಹೇಳಿ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಿರಿ. ನೀವು ಕಲಿತ ವಿದ್ಯೆ ಮೊದಲು ನಿಮ್ಮ ಮನೆಗೆ ಉಪಯೋಗವಾಗಲಿ.